ಅಂಬುಧಿಯಿಂದ ಅಂಬುಧಿಗೆ: ಸೈಕಲ್ ದಾರಿ ಯಾರಿಗಾಗಿ?

ಈಚೆಗೆ ಒಂದು ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ ಬಸವನಗುಡಿಯ ಒಂದು ಪ್ರವಾಸ ಕಚೇರಿಯ ಗಾಜಿನ ಹಿಂದೆ ಆಳೆತ್ತರದ ಚಿತ್ರಪಟವೊಂದನ್ನು ಕಂಡೆವು. ಒಂದು ಕಡೆ ನೀಲಿ ಸಮುದ್ರ, ಇನ್ನೊಂದು ಕಡೆ ಹಸಿರು ಹುಲ್ಲು, ನಡುವೆ ಬಳಿದಿಟ್ಟ ಅಂಗಳದಂಥ ನುಣುಪು ದಾರಿ. ದೂರದಲ್ಲಿ ರೆಕ್ಕೆ ಚಾಚಿದ ಗಾಳಿ ಗಿರಣಿ. ಅದರಾಚೆ ಯಾವನೋ ಪಾಳೆಯಗಾರನ ಹಳೆಯ ಕೋಟೆ. ದಾರಿಯ ಮೇಲೆ ಗಂಡ ಹೆಂಡತಿ ಇಬ್ಬರೂ ನಗುನಗುತ್ತ ಸೈಕಲ್ ತುಳಿಯುತ್ತಿದ್ದಾರೆ. ಹಾಲೆಂಡಿನ ಕಡಲ ದಂಡೆಯನ್ನು ಸೈಕಲಿನ ಮೇಲೆ ನೋಡಿ ಬನ್ನಿ ಎಂದು ಕೆಳಗೆ ಆಹ್ವಾನ. ಅದಕ್ಕೆ ಕೇಳಿದ ಹಣವನ್ನು ಇಲ್ಲಿ ಅಚ್ಚು ಹಾಕಿ ಓದುಗರ ಹೊಟ್ಟೆ ಉರಿಸುವುದಿಲ್ಲ. ನಮ್ಮ ಓದುಗರಲ್ಲಿ ಬಹುಮಂದಿಯ ಒಂದು ವರ್ಷದ ಕೂಲಿ ಅದಕ್ಕೆ ಸಾಲದು ಎಂದರೆ ಸಾಕು.

ಚಿತ್ರ ಚೆನ್ನಾಗಿತ್ತು. ನಿಂತು ನೋಡಿದೆವು. ಅಷ್ಟರಲ್ಲಿ ಅದೇ ಗಾಜಿನ ಮುಂದೆ ಒಬ್ಬ ಮುದುಕ ತನ್ನ ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಕ್ಯಾರಿಯರಿನ ಮೇಲೆ ಸೇವಂತಿಗೆಯ ಬುಟ್ಟಿ, ಹ್ಯಾಂಡಲಿಗೆ ತೂಗುಹಾಕಿದ ತುಳಸಿ ಮಾಲೆ. ಬೆಳಗಿನ ಜಾವ ಮಾರುಕಟ್ಟೆಯಲ್ಲಿ ಹೂ ಕೊಂಡು ಮನೆಮನೆಗೆ ಹಾಕಿ ಬರುವವನು. ಕೂಡಲೇ ಒಳಗಿನಿಂದ ಕಾವಲುಗಾರ ಓಡಿ ಬಂದ. "ತೆಗೀ ಅಜ್ಜ, ತೆಗೀ, ಗಿರಾಕಿಗಳ ಕಾರು ಬರೋ ಹೊತ್ತು" ಎಂದ. ಮುದುಕ ಮಾತನಾಡಲಿಲ್ಲ, ಸ್ಟ್ಯಾಂಡ್ ಒದ್ದು ಸೈಕಲನ್ನು ತಳ್ಳಿಕೊಂಡು ಹೋದ. ಗಾಜಿನ ಹಿಂದಿನ ಸೈಕಲಿಗೆ ದೀಪಾಲಂಕಾರ, ಗಾಜಿನ ಮುಂದಿನ ಸೈಕಲಿಗೆ ಗದರಿಕೆ. ಕಾವಲುಗಾರನ ಮೇಲೆ ನಮಗೆ ಸಿಟ್ಟಿಲ್ಲ. ಅವನ ಸೈಕಲೂ ಹಿಂದಿನ ಓಣಿಯಲ್ಲೇ ನಿಂತಿತ್ತು. ಆಮೇಲೆ ಕೇಳಿ ತಿಳಿದುಕೊಂಡೆವು. ದಿನವೂ ಮಾಗಡಿ ರಸ್ತೆಯ ಕಡೆಯಿಂದ ತುಳಿದುಕೊಂಡು ಬರುತ್ತಾನಂತೆ.

ಈ ಲೇಖನ ಆ ಇಬ್ಬರ ಪರವಾಗಿ.

ಮೊದಲು ಹಾಲೆಂಡಿನ ಮಾತು ಮುಗಿಸೋಣ. ಏಕೆಂದರೆ ನಮ್ಮ ನಗರಾಡಳಿತದ ದೊರೆಗಳು ಸೈಕಲ್ ಎಂದಕೂಡಲೆ ಆ ದೇಶದ ಹೆಸರು ಹೇಳುತ್ತಾರೆ, ಆದರೆ ಅರ್ಧ ಕಥೆಯನ್ನು ಮಾತ್ರ ಹೇಳುತ್ತಾರೆ. ಚಿತ್ರದಲ್ಲಿ ಅಷ್ಟು ಮುದ್ದಾಗಿ ಕಾಣುವ ಗಾಳಿ ಗಿರಣಿ ವಾಸ್ತವವಾಗಿ ಏನು? ಅದು ಕಾರಖಾನೆ. ಸಮುದ್ರಮಟ್ಟಕ್ಕಿಂತ ತಗ್ಗಾದ ನೆಲದಿಂದ ನೀರೆತ್ತುವುದು, ಕಾಳು ಬೀಸುವುದು, ಎಣ್ಣೆ ತೆಗೆಯುವುದು, ಹಡಗಿಗೆ ಮರ ಕೊಯ್ಯುವುದು ಎಲ್ಲವೂ ಅದರಿಂದಲೇ ಆಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪುಟ್ಟ ದೇಶದಲ್ಲಿ ಅಂಥವು ಹತ್ತು ಸಾವಿರದಷ್ಟಿದ್ದುವು. ಹಬೆಯಂತ್ರ ಬಂತು, ಆಮೇಲೆ ವಿದ್ಯುತ್ತು ಬಂತು. ಗಾಳಿ ಗಿರಣಿಗಳು ಸಾಲುಸಾಲಾಗಿ ಮುರಿದುಬಿದ್ದುವು. ಆಗ 1923ರಲ್ಲಿ ಜನರೇ ಸಂಘ ಕಟ್ಟಿಕೊಂಡು, ಉಳಿದವನ್ನಾದರೂ ಉಳಿಸಬೇಕೆಂದು ಹಟ ಹಿಡಿದರು. ಇಂದು ಸಾವಿರಕ್ಕೂ ಮೇಲ್ಪಟ್ಟು ನಿಂತಿವೆ. ಕಿಂಡರ್‌ಡೈಕ್ ಎಂಬಲ್ಲಿನ 19 ಗಿರಣಿಗಳಿಗೆ 1997ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಅದಕ್ಕಿಂತ ಮುಖ್ಯವಾದುದೊಂದಿದೆ: 2017ರಲ್ಲಿ ಯುನೆಸ್ಕೋ ಸಂಸ್ಥೆ ಅಲ್ಲಿನ ಗಿರಣಿ ನಡೆಸುವವನ ಕಸುಬನ್ನೇ ಮಾನವಕುಲದ ಪರಂಪರೆಯೆಂದು ದಾಖಲೆ ಮಾಡಿತು. ಗೋಡೆಗೂ ರೆಕ್ಕೆಗೂ ಸಂದ ಮರ್ಯಾದೆ ಅವುಗಳನ್ನು ನಡೆಸಿದ ಕೈಗೂ ಸಂದಿತು.

ದಾರಿಯ ಕಥೆಯೂ ಹೀಗೆಯೇ. ಹಾಲೆಂಡಿನ ಸೈಕಲ್ ದಾರಿ ಪ್ರವಾಸಿಗಳಿಗಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯೂ ಮೋಟಾರುಗಳು ಹೆಚ್ಚಿ, ಸೈಕಲಿನವರನ್ನು ರಸ್ತೆಯ ಅಂಚಿಗೆ, ಅಂಚಿನಿಂದ ಚರಂಡಿಗೆ ನೂಕಿದುವು. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲಿಯೇ ಚಳವಳಿ ಎದ್ದಿತು. ತಾಯಂದಿರು ಮಕ್ಕಳೊಂದಿಗೆ ಬೀದಿಯಲ್ಲಿ ಕುಳಿತರು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಸರ್ಕಾರವೇ ಭಾನುವಾರಗಳಲ್ಲಿ ಕಾರುಗಳನ್ನು ನಿಷೇಧಿಸಬೇಕಾಯಿತು. ಹೀಗೆ ಕೆಲಸಕ್ಕೆ ಹೋಗುವವನಿಗೆ, ಶಾಲೆಗೆ ಹೋಗುವ ಮಗುವಿಗೆ, ತರಕಾರಿ ತರುವ ಹೆಂಗಸಿಗೆ ಮೊದಲು ದಾರಿಯಾಯಿತು. ಕಡಲ ದಂಡೆಯ ವಿಹಾರದ ದಾರಿ ಅದರ ಬೆನ್ನಿಗೆ ಬಂದ ಬಾಲ. ನಮ್ಮವರು ತರಲು ಹೊರಟಿರುವುದು ಬಾಲವನ್ನು ಮಾತ್ರ.

ಇನ್ನು ಬೆಂಗಳೂರಿಗೆ ಬನ್ನಿ. ಅಲ್ಲಿ ಸಮುದ್ರವೆಲ್ಲಿ, ಗಿರಣಿಯೆಲ್ಲಿ, ಕೋಟೆಯೆಲ್ಲಿ ಎಂದು ಕೇಳುವಿರಾ? ಮೂರೂ ಇದ್ದುವು. ಸಂಸ್ಕೃತ ಓದಿದವರನ್ನು ಕೇಳಿ. ಅಂಬುಧಿ ಎಂದರೆ ಸಮುದ್ರ. ಹಳೆಯ ಪೇಟೆಯ ಒಂದು ಮಗ್ಗುಲಿಗೆ ಧರ್ಮಾಂಬುಧಿ, ಇನ್ನೊಂದು ಮಗ್ಗುಲಿಗೆ ಕೆಂಪಾಂಬುಧಿ. ಮಳೆಯ ನೀರನ್ನು ಕಟ್ಟಿ ನಿಲ್ಲಿಸಿದ ಕೆರೆಗಳಿಗೆ ಜನ ಸಮುದ್ರದ ಹೆಸರಿಟ್ಟುಕೊಂಡು ಬದುಕಿದರು. ಧರ್ಮಾಂಬುಧಿ ಬತ್ತಿ ಮೈದಾನವಾಗಿ, ಕಡೆಗೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಕೆಂಪಾಂಬುಧಿ ಇನ್ನೂ ಇದೆ. ಅದರ ದಂಡೆಯ ಮೇಲೆ, ಊರಿನ ನಾಲ್ಕು ದಿಕ್ಕಿಗೆ ಕೆಂಪೇಗೌಡರ ವಂಶದವರು ನಿಲ್ಲಿಸಿದರೆನ್ನುವ ನಾಲ್ಕು ಗೋಪುರಗಳಲ್ಲಿ ಒಂದೂ ಇದೆ. ಮಿಕ್ಕವು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆಯ ಹತ್ತಿರ, ಮೇಖ್ರಿ ವೃತ್ತದ ಪಕ್ಕದಲ್ಲಿ.

ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಯ ಮುಂದೆ ಸೈಕಲ್ ಹತ್ತಿ. ಸಂಪಿಗೆ ರಸ್ತೆಯ ಇಳಿಜಾರಿನಲ್ಲಿ ಪೆಡಲು ತುಳಿಯುವ ಅಗತ್ಯವೇ ಇಲ್ಲ. ಕೆಳತುದಿಯಲ್ಲಿ ರಾಜಾ ಮಿಲ್ ಇತ್ತು. ಅಲ್ಲಿಂದ ಓಕಳೀಪುರ ದಾಟಿದರೆ ಮಿನರ್ವ ಮಿಲ್. ಇನ್ನೂ ಮುಂದಕ್ಕೆ, ಇಡೀ ಒಂದು ಪೇಟೆಗೇ ತನ್ನ ಹೆಸರು ಕೊಟ್ಟ ಬಿನ್ನಿ ಮಿಲ್. ಎಡಕ್ಕೆ ತಿರುಗಿ ಅರಳೇಪೇಟೆ ಹೊಕ್ಕು, ಅಂದರೆ ಕಾಟನ್‌ಪೇಟೆ ಹೊಕ್ಕು, ಮಾರುಕಟ್ಟೆಯ ಗದ್ದಲ ದಾಟಿದರೆ ಕೋಟೆ. ಕೋಟೆಯ ಮಗ್ಗುಲಲ್ಲಿ ಟಿಪ್ಪುವಿನ ಮರದ ಅರಮನೆ. ಆಮೇಲೆ 1892ರಲ್ಲಿ ಗೆರೆ ಎಳೆದು ಕಟ್ಟಿದ ಚಾಮರಾಜಪೇಟೆಯ ನೆಟ್ಟನೆಯ ಬೀದಿಗಳು, ಗವಿಪುರದ ಏರು, ಕೆಂಪಾಂಬುಧಿ, ಅಲ್ಲಿಂದ ಒಂದು ಉಸಿರಿಗೆ ಬಸವನಗುಡಿಯ ದೊಡ್ಡ ಬಸವಣ್ಣ. ಹತ್ತು ಕಿಲೋಮೀಟರಿನ ಆಚೀಚೆ. ಒಂದು ಗಂಟೆಯ ತುಳಿತ. ಹಾಲೆಂಡಿಗೆ ವಿಮಾನ ಏರುವ ಮಹಾಶಯರು ಈ ದಾರಿಯಲ್ಲಿ ಎಷ್ಟು ಮಂದಿ ಹೋಗಿದ್ದಾರೆ?

ಈ ದಾರಿಯಲ್ಲಿ ಕೋಟೆಗೆ ಆದದ್ದನ್ನು ನೋಡಿ. 1537ರ ಸುಮಾರಿಗೆ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿದರು. ಹೆಬ್ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಅವರ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಕೊಟ್ಟಳೆಂದು ಐತಿಹ್ಯ. ಚಿಕ್ಕದೇವರಾಜ ಒಡೆಯರು ದಕ್ಷಿಣಕ್ಕೆ ಇನ್ನೊಂದು ಕೋಟೆ ಸೇರಿಸಿದರು. ಹೈದರಾಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಒಡೆದು ನುಗ್ಗಿತು. ಆಮೇಲೆ ಗೋಡೆಗಳು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ಜಾಗ ಬಿಡುತ್ತ ಕರಗಿದುವು. ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಅದರ ಸುತ್ತಿನ ಸ್ವಲ್ಪ ಭಾಗ. ಆಸ್ಪತ್ರೆಗಾಗಿ ಕೋಟೆ ಒಡೆದರೆ ನಮ್ಮ ತಕರಾರಿಲ್ಲ, ಬಡವನ ಹೆಂಡತಿಯ ಹೆರಿಗೆಗಿಂತ ಹೈದರನ ಕಲ್ಲು ದೊಡ್ಡದಲ್ಲ. ಆದರೆ ಉಳಿದ ಗೋಡೆಯಲ್ಲಿ ಒಂದು ಫಲಕವಿದೆ, ಹೋದವರು ಓದಿ ನೋಡಿ: ಬ್ರಿಟಿಷರು ಇಂಥ ದಿನ ಇದೇ ಬಿರುಕಿನಿಂದ ಒಳನುಗ್ಗಿದರು ಎಂದು ಬರೆದಿದೆ. ಊರನ್ನು ಒಡೆದವನಿಗೆ ಕಲ್ಲು ಸಿಕ್ಕಿತು. ಊರಿಗೆ ಬಟ್ಟೆ ನೇಯ್ದವನಿಗೆ?

ಗಿರಣಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ನಮ್ಮ ಮನೆಯ ಮಾತು. ಬಿನ್ನಿ ಮಿಲ್ ಎಂದು ಜನ ಕರೆದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ 1884ರಲ್ಲಿ ಹುಟ್ಟಿತು. ಎರಡು ವರ್ಷದಲ್ಲಿ ಬಿನ್ನಿ ಕಂಪನಿಯ ಕೈಗೆ ಬಂತು. ಮದುವೆಯ ರೇಷ್ಮೆ ಸೀರೆಯಿಂದ ಹಿಡಿದು ಸಿಪಾಯಿಯ ಖಾಕಿಯವರೆಗೆ ಅಲ್ಲಿಂದ ಬಂತು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಹಾಲೆಂಡಿಗೆ ಗಾಳಿ ಹೇಗೋ ನಮ್ಮ ನಾಡಿನ ಕಾರಖಾನೆಗಳಿಗೆ ಕಾವೇರಿಯ ನೀರು ಹಾಗೆ. ಬೆಳಗಿನ ಪಾಳಿಯ ಕೂಗು ಕೇಳಿದರೆ ಮಾಗಡಿ ರಸ್ತೆ, ಕಾಟನ್‌ಪೇಟೆ, ಚಾಮರಾಜಪೇಟೆ, ಶ್ರೀರಾಂಪುರ ಎಲ್ಲ ಕಡೆಯಿಂದ ಸೈಕಲುಗಳು ಹೊರಡುತ್ತಿದ್ದುವು. ಹ್ಯಾಂಡಲಿಗೆ ಟಿಫನ್ ಡಬ್ಬಿ, ಕ್ಯಾರಿಯರಿನ ಮೇಲೆ ಒಬ್ಬ ಸ್ನೇಹಿತ. ಪಾಳಿ ಬಿಟ್ಟಾಗ ರಸ್ತೆ ತುಂಬ ಗಂಟೆಯ ಶಬ್ದ. ಆಗ ರಸ್ತೆ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಕಾರಿನವರು ಕಾದು ನಿಲ್ಲುತ್ತಿದ್ದರು.

ಮಿನರ್ವ ಮಿಲ್ಲಿನ ಹೆಸರು ಕೇಳದ ವಕೀಲನಿಲ್ಲ. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು, 1974ರಲ್ಲಿ ರಾಷ್ಟ್ರೀಕರಣವಾಯಿತು. ಹಳೆಯ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1980ರಲ್ಲಿ ಸುಪ್ರೀಂ ಕೋರ್ಟು, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿಯುಂಟು ಎಂದು ಸಾರಿದ ಪ್ರಸಿದ್ಧ ತೀರ್ಪು ಇದೇ ಗಿರಣಿಯ ಹೆಸರಿನಲ್ಲಿದೆ. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಮಾಲೀಕನ ಹಕ್ಕು ಏನಾಯಿತು, ಸಂಸತ್ತಿನ ಹಕ್ಕು ಏನಾಯಿತು ಎಂದು ಪುಟಗಟ್ಟಲೆ ಬರೆದಿದ್ದಾರೆ. ಅಲ್ಲಿ ಮೂರು ಪಾಳಿ ದುಡಿದು ಕೆಮ್ಮು ಹಿಡಿಸಿಕೊಂಡವನು ಏನಾದ ಎಂದು ಯಾವ ವಿದ್ಯಾರ್ಥಿಯನ್ನು ಯಾವ ಪರೀಕ್ಷೆಯಲ್ಲಿ ಕೇಳಿದ್ದಾರೆ?

ಈಗ ಏನಿದೆ? ರಾಜಾ ಮಿಲ್ಲಿನ ನೆಲದ ಮೇಲೆ 2010ರಲ್ಲಿ ಮಾಲ್ ತೆರೆಯಿತು. ಬಿನ್ನಿಯ ನೆಲದ ಮೇಲೆ ಮುಗಿಲು ಮುಟ್ಟುವ ವಸತಿ ಗೋಪುರಗಳು. ಕೆಂಪೇಗೌಡರ ಗೋಪುರ ಅವುಗಳ ಮುಂದೆ ಮಕ್ಕಳಾಟದ ಗೊಂಬೆ. ಹತ್ತಿ ಗಿರಣಿ ನಷ್ಟದಲ್ಲಿತ್ತು, ಮುಚ್ಚದೆ ಗತಿಯಿರಲಿಲ್ಲ ಎನ್ನುತ್ತಾರೆ. ಇರಬಹುದು. ನಷ್ಟ ನೂಲಿನಲ್ಲಿತ್ತು, ನೆಲದಲ್ಲಿರಲಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಹಾಲೆಂಡಿನವರು ಹಳೆಯ ಕಾರಖಾನೆಯನ್ನು ಉಳಿಸಿ ಪ್ರಪಂಚವನ್ನೇ ಕರೆದು ತೋರಿಸುತ್ತಾರೆ. ನಾವು ನಮ್ಮ ಕಾರಖಾನೆಗಳನ್ನು ಕೆಡವಿ, ಅವರ ಕಾರಖಾನೆ ನೋಡಲು ಟಿಕೆಟ್ಟು ಕೊಳ್ಳುತ್ತೇವೆ. ಬೆಂಗಳೂರಿನ ಮಾತು ನಮ್ಮಂಥ ಜಿಲ್ಲಾ ಪಟ್ಟಣಕ್ಕೇಕೆ ಎಂದು ಕೇಳುವವರು ದಾವಣಗೆರೆಗೆ ಒಮ್ಮೆ ಹೋಗಿ ಬರಲಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಬೀಗಿದ ಊರಿನಲ್ಲಿ ಎಷ್ಟು ಗಿರಣಿಗಳ ಚಿಮಣಿಯಲ್ಲಿ ಹೊಗೆಯಿದೆ ಎಂದು ಎಣಿಸಿಕೊಂಡು ಬರಲಿ. ಪಕ್ಕದ ಚಿತ್ರದುರ್ಗದಲ್ಲಿ ಕೋಟೆಯೂ ಇದೆ, ಬೆಟ್ಟಗಳ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳೂ ಇವೆ. ಅಲ್ಲಿಗೂ ನಾಳೆ ಒಂದು ಚಿತ್ರಪಟ ಬರುತ್ತದೆ.

ಇನ್ನು ಸೈಕಲಿನ ಮಾತು. ನಮ್ಮ ಹಿರಿಯರಿಗೆ ಸೈಕಲ್ ಬಿಲ್ಲೆ ನೆನಪಿರಬೇಕು. ವರ್ಷಕ್ಕೊಮ್ಮೆ ಪುರಸಭೆಗೆ ಕಾಸು ಕಟ್ಟಿ ಆ ಬಿಲ್ಲೆ ಜೋಡಿಸಿಕೊಳ್ಳದಿದ್ದರೆ ಜವಾನ ಸೈಕಲನ್ನೇ ಹಿಡಿದುಕೊಂಡು ಹೋಗುತ್ತಿದ್ದ. ಸಂಜೆ ದೀಪವಿಲ್ಲದೆ ಹೋದರೆ ದಂಡ, ಇಬ್ಬರು ಕೂತರೆ ದಂಡ. ಮೂಲೆಯ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ ಪಡೆದು ಊರು ತಿರುಗಿದವರೆಲ್ಲ ಪೊಲೀಸು ಕಂಡಾಗ ಹಾರಿ ಇಳಿದವರೇ. ಆ ಬಿಲ್ಲೆಯ ಕಾಲ ಹೋಯಿತು. ತೆರಿಗೆ ಹೋಗಲಿಲ್ಲ. 2019ರಿಂದ ಎಲೆಕ್ಟ್ರಿಕ್ ಕಾರಿಗೆ ಜಿ.ಎಸ್.ಟಿ. ಶೇಕಡಾ 5 ಇದ್ದಾಗ, ಕೂಲಿಕಾರನ ಸೈಕಲಿಗೆ ಶೇಕಡಾ 12 ಇತ್ತು. ಹೊಗೆ ಉಗುಳುವುದಿಲ್ಲವೆಂದು ಕಾರಿಗೆ ರಿಯಾಯಿತಿ. ಸೈಕಲ್ ಯಾವಾಗ ಹೊಗೆ ಉಗುಳಿತ್ತು? ಈ ಅನ್ಯಾಯ ಸರಿಹೋಗಿ ಸೈಕಲಿಗೂ ಶೇಕಡಾ 5 ಆದದ್ದು 2025ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿತ್ತು. ನಮ್ಮ ತಂದೆಯವರ ಕಾಲದ ಅಟ್ಲಾಸ್ ಸೈಕಲಿನ ಸಾಹಿಬಾಬಾದ್ ಕಾರಖಾನೆಯ ಬಾಗಿಲಿಗೆ ಬೀಗದ ನೋಟೀಸು ಅಂಟಿದ ದಿನ ಯಾವುದು ಗೊತ್ತೆ? 2020ರ ಜೂನ್ 3, ವಿಶ್ವಸಂಸ್ಥೆ ಗೊತ್ತುಮಾಡಿದ ವಿಶ್ವ ಸೈಕಲ್ ದಿನ. ಅಂದು ದೇಶದ ನಾಯಕರು ಸೈಕಲಿನ ಮಹಿಮೆಯ ಬಗ್ಗೆ ಸಂದೇಶ ಕೊಡುತ್ತಿದ್ದಾಗ ಅಲ್ಲಿನ ಕೆಲಸಗಾರರು ಗೇಟಿನ ಮುಂದೆ ನಿಂತು ನೋಟೀಸು ಓದುತ್ತಿದ್ದರು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಲು ಅದು ನೆರವಾಯಿತೆಂಬುದನ್ನು ಯಾವ ಪಕ್ಷದವನೂ ಅಲ್ಲಗಳೆಯಲಾರ. ಕೋವಿಡ್ ಬಂದಾಗ ಅದು ನಿಂತುಹೋಯಿತು.

ಬೆಂಗಳೂರಿನಲ್ಲಿ ಸೈಕಲಿಗೆ ಏನೂ ಮಾಡಿಲ್ಲವೆಂದು ಹೇಳಿದರೆ ನಾವು ಸುಳ್ಳುಗಾರರಾಗುತ್ತೇವೆ. ಮಾಡಿದ್ದಾರೆ. 2012ರಲ್ಲಿ ಜಯನಗರದಲ್ಲಿ ಬಣ್ಣ ಬಳಿದು ಸೈಕಲ್ ಪಥವೆಂದರು. ಬಣ್ಣ ಒಣಗುವ ಮುಂಚೆ ಕಾರುಗಳು ಬಂದು ಅದರ ಮೇಲೆ ನಿಂತುವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಮಾಡಿದರು. ಕಂಬಗಳು ಮುರಿದುವು, ಮೋಟಾರ್ ಸೈಕಲುಗಳು ನುಗ್ಗಿದುವು. ಅದೇ ವರ್ಷ ಮೆಟ್ರೋ ರೈಲಿನಲ್ಲಿ ಸೈಕಲ್ ತರಬಹುದೆಂದು ಆಜ್ಞೆಯಾಯಿತು. ಯಾವ ಸೈಕಲ್? ಮಡಚಿ ಚೀಲದಲ್ಲಿ ಇಡಬಹುದಾದ ಸೈಕಲ್! ಹಾಲಿನ ಕ್ಯಾನು ಕಟ್ಟುವ ಸೈಕಲನ್ನು ಮಡಚುವ ವಿದ್ಯೆ ನಮಗಿನ್ನೂ ತಿಳಿದಿಲ್ಲ. ಈ ಎಲ್ಲ ಪ್ರಯೋಗಗಳೂ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆದುವು? ಕಾರಿದ್ದೂ ಸೈಕಲ್ ಹತ್ತುವವನನ್ನು. ಸೈಕಲ್ ಬಿಟ್ಟರೆ ಬೇರೆ ಗತಿಯಿಲ್ಲದವನು ಬೆಳಿಗ್ಗೆ ಐದಕ್ಕೆ ಮಾರುಕಟ್ಟೆಗೆ ಬರುತ್ತಾನೆ, ರಾತ್ರಿ ಹತ್ತಕ್ಕೆ ಕಾವಲು ಮುಗಿಸಿ ಹೊರಡುತ್ತಾನೆ. ಆ ಹೊತ್ತಿನಲ್ಲಿ ಎಣಿಕೆ ಮಾಡುವ ಇಂಜಿನಿಯರು ಎದ್ದಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಹಳೆಯ ಊರು ನೋಡಲು ಗುಂಪಾಗಿ ಸೈಕಲಿನಲ್ಲಿ ಬರುವ ತರುಣ ತರುಣಿಯರನ್ನು ಗವಿಪುರದ ಹತ್ತಿರ ಕಂಡೆವು. ತಲೆಗೆ ಟೊಪ್ಪಿ, ಕೈಗೆ ಕವಚ. ಅವರಲ್ಲೊಬ್ಬಳು ನಮ್ಮನ್ನು ನಿಲ್ಲಿಸಿ ಕೆಂಪಾಂಬುಧಿಯ ಗೋಪುರಕ್ಕೆ ದಾರಿ ಕೇಳಿದಳು, ತೋರಿಸಿದೆವು. ಇವರು ನಮ್ಮ ವೈರಿಗಳಲ್ಲ. ಇವರನ್ನು ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಆದರೆ ಅದು ತಪ್ಪು ಲೆಕ್ಕ. ಬಿಸಿಲಿನಲ್ಲಿ ಏರು ತುಳಿದವನಿಗೆ ಬಸ್ಸು ಮೈಗೆ ಉಜ್ಜಿಕೊಂಡು ಹೋಗುವ ಭಯ ಗೊತ್ತು. ಆ ಮಟ್ಟಿಗೆ ಅವರೂ ನಮ್ಮ ಜೊತೆಗಾರರೇ. ನಮ್ಮ ಜಗಳ, ಇವರ ಭಾನುವಾರಕ್ಕಾಗಿ ದುಡ್ಡು ಖರ್ಚು ಮಾಡಿ ಹೂವಿನ ಮುದುಕನ ಸೋಮವಾರವನ್ನು ಮರೆಯುವ ಅಧಿಕಾರಿಗಳೊಂದಿಗೆ. ಒಳ್ಳೆಯ ಕೆಲಸದ ದಾರಿ ಮಾಡಿದರೆ ಭಾನುವಾರ ಅದರ ಮೇಲೆ ಯಾರು ಬೇಕಾದರೂ ವಿಹಾರ ಮಾಡಬಹುದು. ವಿಹಾರದ ದಾರಿಯ ಮೇಲೆ ಸೋಮವಾರ ಕೆಲಸಕ್ಕೆ ಹೋಗಲಾಗದು. ಅದು ಪಾರ್ಕಿನಲ್ಲಿ ಹುಟ್ಟಿ ಪಾರ್ಕಿನಲ್ಲೇ ಸಾಯುತ್ತದೆ.

ಈಗ ಸಣ್ಣ ವ್ಯಾಪಾರಿ ಬಾಂಧವರೊಡನೆ ಒಂದು ಮಾತು. ಸೈಕಲ್ ದಾರಿ, ಕಾಲುದಾರಿ ಎಂದಕೂಡಲೆ ನಿಮ್ಮಲ್ಲಿ ಹಲವರಿಗೆ ಎದೆ ಹೊಡೆದುಕೊಳ್ಳುತ್ತದೆ. ಕಾರಣವಿಲ್ಲದೆ ಅಲ್ಲ. ಗಾಂಧಿ ಬಜಾರನ್ನು ನಡೆಯುವವರಿಗೆ ಅನುಕೂಲ ಮಾಡುತ್ತೇವೆಂದು ಅಗೆದಾಗ ಏನಾಯಿತೆಂದು ಬಸವನಗುಡಿಯ ಅಂಗಡಿಯವರು ಹೇಳುತ್ತಾರೆ: ಗುಂಡಿ, ಧೂಳು, ಗಿರಾಕಿ ಇಲ್ಲ. ಬೀದಿಯ ಮೇಲೆ ಬಾಳೆಲೆ, ಹೂವು, ಅವರೆಕಾಯಿ ಮಾರುವವರನ್ನು ಕೆಲಸ ಮುಗಿಯುವ ತನಕ ಅಲ್ಲಿಂದ ಎಬ್ಬಿಸಿದರು. ಅವರಿಗಾಗಿ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಎಬ್ಬಿಸುವ ಮುಂಚೆ ಪಟ್ಟಿ ಮಾಡಬೇಕು, ವ್ಯಾಪಾರಿಗಳೂ ಇರುವ ಸಮಿತಿಯನ್ನು ಕೇಳಬೇಕು. ಕೇಳುವ ಅಭ್ಯಾಸ ನಮ್ಮ ಆಡಳಿತಕ್ಕಿಲ್ಲ. ಆದರೆ ದೋಷ ಅಗೆದವರ ರೀತಿಯಲ್ಲಿದೆ, ಕಾಲುದಾರಿಯಲ್ಲಿಲ್ಲ. ನಿಮ್ಮ ಗಲ್ಲಾಪೆಟ್ಟಿಗೆಯನ್ನೇ ಕೇಳಿ ನೋಡಿ: ನಿಮ್ಮಲ್ಲಿ ಅರ್ಧ ಕಿಲೋ ಕಡಲೆಕಾಯಿ, ಎರಡು ಮೊಳ ಮಲ್ಲಿಗೆ, ಒಂದು ಪೊಟ್ಟಣ ಅರಿಸಿನ ಕೊಳ್ಳುವವನು ಕಾರಿನಲ್ಲಿ ಬಂದವನೋ, ನಡೆದು ಬಂದವನೋ? ಕಾರಿನವನು ಜಾಗ ಹುಡುಕುತ್ತ ನಿಮ್ಮ ಅಂಗಡಿ ದಾಟಿ ಮಾಲಿಗೆ ಹೋಗುತ್ತಾನೆ, ಅಲ್ಲಿ ಕಾರಿಗೆ ನೆಲಮಾಳಿಗೆ ಇದೆ. ಒಂದು ಕಾರು ಬೆಳಗಿನಿಂದ ಸಂಜೆಯವರೆಗೆ ಪುಕ್ಕಟೆ ನಿಲ್ಲುವ ಜಾಗದಲ್ಲಿ ಹತ್ತು ಸೈಕಲು ನಿಲ್ಲುತ್ತವೆ, ಹತ್ತು ಗಿರಾಕಿ ಇಳಿಯುತ್ತಾರೆ. ಅಕ್ಕಿ ಮೂಟೆಯ ಲಾರಿ ಬರಬೇಕು, ನಿಜ. ಅದಕ್ಕೆ ಹೊತ್ತು ಗೊತ್ತು ಮಾಡಿ. ಅಂಗಡಿಯ ಮುಂದೆ ದಿನವಿಡೀ ಮಲಗಿರುವ ಕಾರು ಅಕ್ಕಿ ತಂದ ಲಾರಿಯಲ್ಲ, ಅದು ಹೆಚ್ಚಾಗಿ ಮಾಲೀಕನದೇ. ಬೇಸರಿಸಬೇಡಿ, ಸತ್ಯ ಹೇಳಿದೆವು.

ಹಣವಿಲ್ಲ ಎನ್ನುತ್ತಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿ ಕೊರೆಯುವ ಸುರಂಗ ರಸ್ತೆಗೆ 2025ರಲ್ಲಿ ಟೆಂಡರು ಕರೆದಾಗಿನ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಉದ್ದ 17 ಕಿಲೋಮೀಟರಿನಷ್ಟು. ಕಿಲೋಮೀಟರಿಗೆ ಸಾವಿರ ಕೋಟಿ! ಆ ಸುರಂಗದ ಕೆಲಸಕ್ಕೆ ಲಾಲ್‌ಬಾಗಿನ ನೆಲದಲ್ಲೂ ಪಾಲು ಬೇಕೆಂದು ಹೊರಟಾಗ ಊರು ಎದ್ದು ಕೂತಿತು. ಕೆಂಪೇಗೌಡರ ಗೋಪುರ ನಿಂತ ಬಂಡೆ ಪ್ರಪಂಚದ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದ್ದು, ಮುನ್ನೂರು ಕೋಟಿ ವರ್ಷದ್ದು. ಅದರ ಮಗ್ಗುಲನ್ನು ಅಗೆದು, ಸೈಕಲಿಗೆ ಪ್ರವೇಶವೇ ಇಲ್ಲದ ಸುರಂಗದೊಳಕ್ಕೆ ಕಾರುಗಳನ್ನು ಇಳಿಸುವ ಯೋಚನೆಗೆ ಹಣ ಹುಟ್ಟುತ್ತದೆ. ಮಲ್ಲೇಶ್ವರದಿಂದ ಬಸವನಗುಡಿಗೆ ಒಂದಾಳೆತ್ತರದ ಅಗಲಕ್ಕೆ ರಸ್ತೆಯ ಅಂಚನ್ನು ಬೇರ್ಪಡಿಸಿ ಕಲ್ಲಿನ ಕಟ್ಟೆ ಹಾಕಲು ಮಾತ್ರ ಬೊಕ್ಕಸ ಬರಿದು.

ನಾವು ಕೇಳುವುದು ದೊಡ್ಡದೇನಲ್ಲ. ಕಾಡು ಮಲ್ಲೇಶ್ವರದಿಂದ ದೊಡ್ಡ ಬಸವಣ್ಣನವರೆಗೆ, ಗಿರಣಿಗಳಿದ್ದ ನೆಲ, ಕೋಟೆ, ಕೆಂಪಾಂಬುಧಿಯನ್ನು ಹಾದು ಒಂದು ತಡೆಯಿಲ್ಲದ ಸೈಕಲ್ ದಾರಿ ಆಗಬೇಕು. ಬಣ್ಣ ಸಾಲದು, ಕಾರು ಹತ್ತಲಾರದಷ್ಟು ಎತ್ತರದ ಕಟ್ಟೆ ಬೇಕು. ರಾತ್ರಿ ಪಾಳಿಯವರಿಗಾಗಿ ದೀಪ, ಮಾರುಕಟ್ಟೆಯಲ್ಲಿಯೂ ಮೆಜೆಸ್ಟಿಕ್ಕಿನಲ್ಲಿಯೂ ಬೀಗ ಹಾಕಿ ಬಿಡಬಹುದಾದ ನೆರಳಿನ ಸೈಕಲ್ ಸ್ಟ್ಯಾಂಡು, ಪಕ್ಕದಲ್ಲಿ ಪಂಕ್ಚರ್ ಹಾಕುವವನಿಗೆ ಒಂದು ಗೂಡು. ಅವನಿಗೆ ಬಾಡಿಗೆ ಬೇಡ. ಹಳೆಯ ಮಿಲ್ಲುಗಳ ನೆಲದಲ್ಲಿ ಕಟ್ಟಡ ಕಟ್ಟಿಕೊಂಡವರು ರಸ್ತೆಗೆ ಕಾಣುವಂತೆ ಒಂದೊಂದು ಕಲ್ಲು ನಿಲ್ಲಿಸಲಿ: ಇಲ್ಲಿ ಇಂಥ ಗಿರಣಿಯಿತ್ತು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಷ್ಟು ಜನ ದುಡಿದರು. ಆ ಜನರಲ್ಲಿ ಇನ್ನೂ ಬದುಕಿರುವವರು ಶ್ರೀರಾಂಪುರದಲ್ಲಿ, ಬಿನ್ನಿಪೇಟೆಯಲ್ಲಿ, ಮಾಗಡಿ ರಸ್ತೆಯ ಒಳಬೀದಿಗಳಲ್ಲಿ ಇದ್ದಾರೆ. ಚಾಮರಾಜಪೇಟೆಯಲ್ಲೇ ಕನ್ನಡ ಸಾಹಿತ್ಯ ಪರಿಷತ್ತು ಕುಳಿತಿದೆ. ಅವರ ಮಾತನ್ನು ಬರೆದಿಟ್ಟುಕೊಳ್ಳಲು ಎಷ್ಟು ದೂರ ನಡೆಯಬೇಕು? ತಿರುಗುಮಗ್ಗದ ಶಬ್ದದಲ್ಲಿ ಕಿವಿ ಕಳೆದುಕೊಂಡವರು ಅವರು. ನಾವು ಸ್ವಲ್ಪ ಗಟ್ಟಿಯಾಗಿ ಕೇಳಬೇಕಾದೀತು, ಅಷ್ಟೆ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದೇ ಪಾಲಿಕೆಯನ್ನು ಐದು ಮಾಡಿದರು. ಐದು ಪಾಲಿಕೆಯೆಂದರೆ ಐದು ಕಡೆ ಓಟು ಕೇಳುವವರು. ಮಲ್ಲೇಶ್ವರದಲ್ಲಾಗಲಿ, ಚಾಮರಾಜಪೇಟೆಯಲ್ಲಾಗಲಿ, ಬಸವನಗುಡಿಯಲ್ಲಾಗಲಿ ಕೈಮುಗಿದು ಬಾಗಿಲಿಗೆ ಬರುವ ಪ್ರತಿಯೊಬ್ಬ ಉಮೇದುವಾರನಿಗೂ ಅಲ್ಲಿನ ನಮ್ಮ ಬಂಧುಗಳು ಒಂದೇ ಷರತ್ತು ಹಾಕಲಿ. ಭಾಷಣ ಬೇಡ, ಕರಪತ್ರ ಬೇಡ. ಒಂದು ಕೆಲಸದ ದಿನ, ಬೆಳಿಗ್ಗೆ ಎಂಟೂವರೆಗೆ, ಸಂಪಿಗೆ ರಸ್ತೆಯಿಂದ ಹೊರಟು ಮಾರುಕಟ್ಟೆಯ ಮೂಲಕ ದೊಡ್ಡ ಬಸವಣ್ಣನ ಗುಡಿಯವರೆಗೆ ಸೈಕಲ್ ತುಳಿದು ತೋರಿಸಲಿ. ಹಿಂದೆ ಮುಂದೆ ಪೊಲೀಸು ಜೀಪು ಇರಕೂಡದು. ಹೊಗಳುಭಟರ ಮೋಟಾರ್ ಸೈಕಲುಗಳೂ ಇರಕೂಡದು. ಕ್ಯಾರಿಯರಿಗೆ ಹತ್ತು ಕಿಲೋ ಸೇವಂತಿಗೆ ಕಟ್ಟಿರಬೇಕು. ಸೈಕಲ್ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ನಾವೇ ಒಂದನ್ನು ಕೊಡುತ್ತೇವೆ. ಗಾಳಿ ತುಂಬಿಸಿ, ಬ್ರೇಕು ಬಿಗಿದು, ಚೈನಿಗೆ ಎಣ್ಣೆ ಬಿಟ್ಟು ಇಟ್ಟಿರುತ್ತೇವೆ.